ಮುಳುಗಿದ ಊರನ್ನು ಕಾದಂಬರಿಗಾಗಿ ಕಣ್ಣಮುಂದೆ ತಂದುಕೊಳ್ಳುವುದು ಹೇಗೆ?

ಪ್ರಶ್ನೆ

ನಮಸ್ಕಾರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವುದಕ್ಕೆ ಎರಡು ಮೂರು ವರ್ಷ ಮೊದಲು, ಶರಾವತಿ ಕಣಿವೆಯ ಊರೊಂದರಲ್ಲಿ ನಡೆಯುವ ಕಾದಂಬರಿಯನ್ನು ಬರೆಯುತ್ತಿದ್ದೇನೆ. ಪಾತ್ರಗಳ ಮಾತು ಕೇಳಿಸುತ್ತದೆ, ಅವು ನಿಂತ ನೆಲ ಮಾತ್ರ ಕಾಣಿಸುತ್ತಿಲ್ಲ. ಅಂತರಜಾಲದಿಂದ ಮಲೆನಾಡಿನ ಹಳೆಯ ಮನೆಗಳ ನೂರಾರು ಚಿತ್ರಗಳನ್ನು ಕೂಡಿಟ್ಟಿದ್ದೇನೆ. ಆದರೆ ಅವುಗಳಲ್ಲಿ ಹೆಚ್ಚಿನವು ಹೋಮ್‌ಸ್ಟೇಗಳಿಗಾಗಿ ತೆಗೆದವು. ಹೊಳೆಯುವ ಕಂಬ, ಒಪ್ಪವಾಗಿ ಜೋಡಿಸಿದ ಹಿತ್ತಾಳೆಯ ಪಾತ್ರೆ. ಅವನ್ನು ನೋಡಿಕೊಂಡು ಬರೆದ ಮನೆಯಲ್ಲಿ ಯಾರೂ ಬಾಳಿದಂತೆ ಅನ್ನಿಸುವುದಿಲ್ಲ. ಇಂಥ ಸ್ಥಳವನ್ನು ಬರೆದವರು ಎಲ್ಲಿ, ಏನನ್ನು ನೋಡಿದಿರಿ?

ಉತ್ತರ 1

ನಿಮ್ಮ ಚಿತ್ರಗಳಲ್ಲಿರುವ ಬೆಳಕನ್ನು ಮೊದಲು ಗಮನಿಸಿ. ಬಹುಪಾಲು ಬಿಸಿಲುಗಾಲದವೇ ಇರುತ್ತವೆ. ಆ ಕಣಿವೆಯ ಮನೆಯಾದರೋ ವರ್ಷದಲ್ಲಿ ನಾಲ್ಕು ತಿಂಗಳು ಮಳೆಯೊಳಗೇ ಇರುತ್ತಿತ್ತು. ಇರಚಲು ಹೊಡೆಯದಂತೆ ಜಗಲಿಗೆ ಸೋಗೆಯ ತಟ್ಟಿ ಕಟ್ಟಿದ ಮೇಲೆ ನಡುಹಗಲಿನಲ್ಲಿಯೂ ಒಳಗೆ ಮಬ್ಬು. ಮಾಡಿನ ಗಾಜಿನ ಹಂಚಿನಿಂದ ಬಿದ್ದ ಅಂಗೈಯಗಲದ ಬೆಳಕು, ಬಚ್ಚಲ ಒಲೆಯ ಕೆಂಪು, ಅಷ್ಟೇ. ಆ ಮಬ್ಬಿನಲ್ಲಿ ನಿಮ್ಮ ಪಾತ್ರ ಏನನ್ನು ತಡವಿ ಹುಡುಕುತ್ತದೆ ಎಂದು ಕೇಳಿಕೊಂಡರೆ ವಸ್ತುಗಳು ತಾವಾಗಿ ಬರುತ್ತವೆ.

ಚಿತ್ರ ಬೇಕೇ ಬೇಕೆಂದಾದರೆ ಆ ಕಾಲದ ಮದುವೆಯ ಫೋಟೋಗಳನ್ನು ಕೇಳಿ ಪಡೆಯಿರಿ. ಬೆಳಕಿಗಾಗಿ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸುತ್ತಿದ್ದರು. ನೀವು ಮದುಮಕ್ಕಳನ್ನು ಬಿಟ್ಟು ಅವರ ಬೆನ್ನಹಿಂದೆ ನೋಡಿ: ಒಣಗಲು ಹಾಕಿದ ಸೀರೆ, ಅಡಿಕೆ ಚಪ್ಪರದ ಕಂಬ, ಫೋಟೋಕ್ಕೆ ಬರಲೊಪ್ಪದೆ ಬಾಗಿಲ ಸಂದಿಯಲ್ಲಿ ನಿಂತ ಮುದುಕಿ. ಇವನ್ನು ಯಾರೂ ತೋರಿಸಲೆಂದು ಇಟ್ಟಿದ್ದಲ್ಲ, ಆದ್ದರಿಂದಲೇ ನಂಬಬಹುದು.

ಇನ್ನೊಂದು, ನಕಾಶೆ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಅಣೆಕಟ್ಟಿಗಿಂತ ಹಿಂದಿನ ಸರ್ವೆ ನಕಾಶೆ ಸಿಕ್ಕರೆ ಅದರಲ್ಲಿ ಆ ಎತ್ತರದ ಆಸುಪಾಸಿನ ರೇಖೆಯನ್ನು ಪೆನ್ಸಿಲ್ಲಿನಿಂದ ತಿದ್ದಿ. ಯಾರ ಗದ್ದೆ ಮುಳುಗಿತು, ಯಾರ ಬೆಟ್ಟ ಉಳಿದು ನಡುಗಡ್ಡೆಯಾಯಿತು ಎಂಬುದು ತಿಳಿಯುತ್ತದೆ. ನನ್ನ ಮಟ್ಟಿಗೆ ನೂರು ಫೋಟೋಗಳಿಗಿಂತ ಆ ಒಂದು ಗೆರೆಯೇ ಹೆಚ್ಚು ಕೊಡುತ್ತದೆ.

ಉತ್ತರ 2

ಮೇಲಿನವರ ಮಾತು ಸರಿ, ಆದರೆ ಅದು ಯಾರ ಮನೆ ಎಂಬುದನ್ನು ನೀವು ಹೇಳಿಲ್ಲ. ಅಡಿಕೆ ತೋಟದ ಹವ್ಯಕರ ಮನೆಗೂ ದೀವರ ಸಮುದಾಯದವರ ಮನೆಗೂ ಒಂದೇ ಚಿತ್ರ ಹೊಂದುವುದಿಲ್ಲ. ದೀವರ ಮನೆಯಾದರೆ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ, ಪುಂಡಿನಾರಿನ ಕುಂಚದಿಂದ ಹೆಂಗಸರು ಬರೆದ ಹಸೆ ಚಿತ್ತಾರ ಇರಬೇಕು. ಈಗಲೂ ಸಾಗರದ ಕಡೆ ಅದನ್ನು ಬರೆಯುವವರಿದ್ದಾರೆ; ಮುಗಿದ ಚಿತ್ತಾರವನ್ನಷ್ಟೇ ನೋಡದೆ, ಬರೆಯುವಾಗ ಪಕ್ಕದಲ್ಲಿ ಕುಳಿತು ಕೈಯನ್ನು ನೋಡಿ. ಹಾಗೆಯೇ ಕೆಳದಿಯ ವಸ್ತು ಸಂಗ್ರಹಾಲಯಕ್ಕೂ ಹೋಗಿ ಬನ್ನಿ.

ಉತ್ತರ 3

ನಮ್ಮದು ಮುಳುಗಡೆಯಿಂದ ಎದ್ದು ಬಂದ ಕುಟುಂಬ. ಅಜ್ಜ ಹಳೆಯ ಮನೆಯ ಹೆಬ್ಬಾಗಿಲನ್ನು ಚೌಕಟ್ಟಿನ ಸಮೇತ ಬಿಚ್ಚಿ ತಂದು ಹೊಸ ಜಾಗದ ಮನೆಗೆ ಕೂರಿಸಿದರು. ಈಗಲೂ ನಾವು ತಲೆ ತಗ್ಗಿಸಿಯೇ ಒಳಗೆ ಹೋಗುತ್ತೇವೆ. ಚೌಕಟ್ಟಿನ ಬಲಗಡೆ, ಸೊಂಟಕ್ಕಿಂತ ತುಸು ಮೇಲೆ, ಹೊಸ್ತಿಲು ದಾಟುವವರ ಕೈ ತಗುಲಿ ತಗುಲಿ ಮರ ನುಣ್ಣಗೆ ತಗ್ಗಾಗಿದೆ. ಆ ಗುರುತಿನ ಬಹುಪಾಲು ಅಲ್ಲಿಯೇ ಆದದ್ದು ಎಂದು ಅಪ್ಪ ಹೇಳುತ್ತಿದ್ದರು. ನೀರಿನಡಿಯಲ್ಲಿದೆ ಎಂದು ಎಲ್ಲವನ್ನೂ ಕೈಬಿಡಬೇಡಿ. ಶಿವಮೊಗ್ಗ ಜಿಲ್ಲೆಯ ಪುನರ್ವಸತಿ ಊರುಗಳಲ್ಲಿ ಇಂಥ ಬಾಗಿಲು, ಒರಳು, ಮರದ ಪೆಟ್ಟಿಗೆಗಳು ಇನ್ನೂ ಬಳಕೆಯಲ್ಲಿವೆ. ಜಲಾಶಯದ ನೀರು ಬಹಳ ಇಳಿದ ಬೇಸಿಗೆಯಲ್ಲಿ ಅದರಲ್ಲಿ ಮುಳುಗಿದ ಹಳೆಯ ಮಡೆನೂರು ಅಣೆಕಟ್ಟು ತಲೆ ಎತ್ತುತ್ತದೆ, ಮರದ ಬೊಡ್ಡೆಗಳು ಕಾಣುತ್ತವೆ. ಆಗ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ಬೆರಳು ತೋರಿಸುವ ಕಡೆ ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನನ್ನ ಕಥೆಯದು ದೀವರ ಮನೆಯೇ. ಹಾಗಿದ್ದೂ ಗೋಡೆಯನ್ನು ಸುಣ್ಣದ ಬಿಳಿಯಾಗಿ ಬರೆದಿದ್ದೆ. ಮೊದಲ ಅಧ್ಯಾಯವನ್ನು ಆಷಾಢದ ಮಳೆಗೆ ತಂದು ಮತ್ತೆ ಬರೆಯುತ್ತೇನೆ. ಮೂರನೆಯ ಉತ್ತರ ಬರೆದವರಲ್ಲಿ ಒಂದು ಕೋರಿಕೆ: ನಿಮ್ಮ ಮನೆಯವರು ಒಪ್ಪುವುದಾದರೆ ಆ ಬಾಗಿಲನ್ನು ಒಮ್ಮೆ ಬಂದು ನೋಡಬಹುದೇ?