ಸ್ಪ್ರಿಂಗ್ ಬದಲಿಸಿದ ಮೇಲೆ ಮುಂದಿನ ಎಡ ಚಕ್ರದ ಹತ್ತಿರ ‘ಟಣ್’ ಶಬ್ದ

ಪ್ರಶ್ನೆ:
ನಮಸ್ಕಾರ. ಕಾರಿನ ಮುಂದಿನ ಎರಡೂ ಸ್ಪ್ರಿಂಗ್ ನಾನೇ ಬದಲಿಸಿದೆ. ಹಳೆಯದರಲ್ಲಿ ಒಂದು, ಕೆಳಗಿನ ಸುತ್ತಿನಲ್ಲಿ ಮುರಿದಿತ್ತು. ಶಾಕಪ್, ಮೇಲಿನ ಮೌಂಟ್, ಬೇರಿಂಗ್ ಎಲ್ಲ ಹಳೆಯವೇ. ಈಗ ಎಡಗಡೆ ಶಬ್ದ ಶುರುವಾಗಿದೆ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದರೆ ‘ಟಣ್’ ಅಂತ ಒಂದೇ ಸಲ, ದಪ್ಪ ತಂತಿ ಮೀಟಿದ ಹಾಗೆ. ಹಂಪ್ ಮೇಲೆ ನಿಧಾನಕ್ಕೆ ಹೋದರೆ ‘ಕಟಕ್ ಕಟಕ್’. ಬಿಚ್ಚಿದ ನಟ್ಟುಗಳನ್ನೆಲ್ಲ ಎರಡೆರಡು ಸಲ ಬಿಗಿ ಮಾಡಿದೆ. ಶಾಕಪ್ ಹೋಗಿದೆಯಾ? ಹೊಸದು ತರಿಸಲಾ?

ಉತ್ತರ:
ದಯವಿಟ್ಟು ಈಗಲೇ ಏನೂ ಕೊಳ್ಳಬೇಡಿ ಸರ್. ನಿನ್ನೆವರೆಗೆ ಸುಮ್ಮನಿದ್ದ ಶಾಕಪ್ ಸ್ಪ್ರಿಂಗ್ ಬದಲಿಸಿದ ದಿನವೇ ಕೆಡೋದು ಅಪರೂಪ. ನೀವು ಬಿಚ್ಚಿ ಜೋಡಿಸಿದ ಜಾಗದಲ್ಲೇ ಮೊದಲು ಹುಡುಕಿ. ನೀವು ಹೇಳಿದ್ದು ಕೇಳಿದರೆ ಇವು ಎರಡು ಬೇರೆ ಬೇರೆ ಶಬ್ದ ಅನ್ನಿಸುತ್ತೆ.

ಮೊದಲು ‘ಟಣ್’. ಸ್ಟೇರಿಂಗ್ ತಿರುಗಿಸಿದಾಗ ಸ್ಟ್ರಟ್ (ಸ್ಪ್ರಿಂಗಿನ ನಡುವೆ ನಿಂತಿರೋ ಶಾಕಪ್ ಕಂಬ) ಮತ್ತು ಸ್ಪ್ರಿಂಗ್ ಒಟ್ಟಿಗೇ ತಿರುಗಬೇಕು. ಮೇಲಿನ ಮೌಂಟ್ ಕಾರಿನ ಬಾಡಿಯಲ್ಲಿ ಗಟ್ಟಿಯಾಗಿ ಕೂತಿರುತ್ತೆ, ನಡುವೆ ಇರೋ ಬೇರಿಂಗ್ ಜಾರಿ ಕೊಡುತ್ತೆ. ಬೇರಿಂಗ್ ಹಿಡಿದುಕೊಂಡರೆ ಸ್ಪ್ರಿಂಗ್ ತಿರುಚಿಕೊಳ್ಳುತ್ತಾ ಹೋಗಿ, ತಡೆಯಲಾಗದೆ ಒಮ್ಮೆಲೇ ಜಾರುತ್ತೆ. ಸ್ಪ್ರಿಂಗಿನ ತುದಿ, ಅದು ಕೂರೋ ಕೆಳಗಿನ ತಟ್ಟೆಯ ಮೆಟ್ಟಿಲಿಗೆ (ತುದಿ ತಾಗಿ ನಿಲ್ಲೋ ಅಂಚಿಗೆ) ಸರಿಯಾಗಿ ಕೂರದಿದ್ದರೂ ಇದೇ ಶಬ್ದ.

ಸೀಮೆಸುಣ್ಣದಲ್ಲಿ ಕೆಳಗಿನ ಸುತ್ತು ಮತ್ತು ತಟ್ಟೆ ಸೇರಿಸಿ ಒಂದು ಗೆರೆ ಎಳೆಯಿರಿ. ಚಕ್ರ ನೆಲದ ಮೇಲೇ ಇರಲಿ. ಇನ್ನೊಬ್ಬರು ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಲಿ. ಗೆರೆ ಮುರಿದು ಎರಡು ತುಂಡು ಆಗಿದ್ದರೆ ಸ್ಪ್ರಿಂಗ್ ಜಾರಿದೆ ಅಂತ ಅರ್ಥ. ಸ್ಪ್ರಿಂಗಿನ ಹೊರಗಡೆ ಅಂಗೈ ಇಟ್ಟರೆ ಆ ಕುಲುಕು ಕೈಗೇ ಗೊತ್ತಾಗುತ್ತೆ. ಆದರೆ ಸುತ್ತುಗಳ ನಡುವೆ ಬೆರಳು ಹಾಕಲೇಬೇಡಿ.

ಇನ್ನು ‘ಕಟಕ್’. ನನ್ನ ಅನುಮಾನ ಲಿಂಕ್ ರಾಡ್ ಮೇಲೆ, ಅಂದರೆ ಕಾರು ವಾಲದಂತೆ ತಡೆಯೋ ಅಡ್ಡ ಸರಳನ್ನು ಸ್ಟ್ರಟ್ಟಿಗೆ ಸೇರಿಸೋ ಚಿಕ್ಕ ಕಡ್ಡಿ. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದಾಗ ಮತ್ತು ಒಂದೇ ಚಕ್ರ ಗುಂಡಿಗೆ ಇಳಿದಾಗ ಬೇರೆ ಬೇರೆಯಾಗಿ ಕೇಳಿ ನೋಡಿ. ಒಂದೇ ಚಕ್ರ ಇಳಿದಾಗ ಜಾಸ್ತಿ ಕೇಳಿದರೆ ಅದೇ ಕಳ್ಳ. ಎರಡು ಸಲ ಬಿಗಿ ಮಾಡಿದೆ ಅಂದಿರಲ್ವಾ, ಅಲ್ಲೇ ಮೋಸ ಆಗಿರಬಹುದು. ಲಿಂಕ್ ರಾಡಿನ ಬಾಲ್ ಜಾಯಿಂಟಿನ ಬೋಲ್ಟು ನಟ್ಟಿನ ಜೊತೆಗೇ ಸುತ್ತುತ್ತೆ. ತುಕ್ಕು ಇದ್ದರೆ ಬಿಗಿಯಾದ ಹಾಗೇ ಅನ್ನಿಸುತ್ತೆ. ಬೋಲ್ಟನ್ನು ಅಲೆನ್ ಕೀಲಿಯಿಂದ ಹಿಡಿದುಕೊಂಡು ನಟ್ ತಿರುಗಿಸಿ.

ಇನ್ನೊಂದು ಉತ್ತರ:
ಲೋವರ್ ಆರ್ಮ್ (ಚಕ್ರವನ್ನು ಕೆಳಗಡೆ ಕಾರಿಗೆ ಜೋಡಿಸೋ ತೋಳು) ಬೋಲ್ಟ್ ಸಡಿಲಿಸಿದ್ರಾ? ಚಕ್ರ ನೇತಾಡುವಾಗ ಅದನ್ನು ಬಿಗಿ ಮಾಡಿದರೆ ಅದರ ರಬ್ಬರ್ ಬುಶ್ ಯಾವಾಗಲೂ ತಿರುಚಿಕೊಂಡೇ ಇರುತ್ತೆ, ಬೇಗ ಹರಿಯುತ್ತೆ. ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೇ ಕೊನೆಯ ಬಿಗಿತ. ಸ್ಟ್ರಟ್ ಮತ್ತೆ ಇಳಿಸಿದರೆ, ಕಂಪ್ರೆಸರ್ ಹಾಕಿ ಸ್ಪ್ರಿಂಗ್ ಕುಗ್ಗಿಸದೆ ಸ್ಟ್ರಟ್ಟಿನ ಮೇಲ್ತುದಿಯ ನಡುವಿನ ನಟ್ ಮುಟ್ಟಬೇಡಿ. ಆ ಸ್ಪ್ರಿಂಗ್ ಹಾರಿದರೆ ಜೀವಕ್ಕೇ ಅಪಾಯ. ಕಾರು ಬರೀ ಜಾಕ್ ಮೇಲೂ ಬೇಡ, ಸ್ಟ್ಯಾಂಡ್ ಕೊಡಿ.

ಪ್ರಶ್ನೆ ಕೇಳಿದವರಿಂದ:
ತುಂಬಾ ಥ್ಯಾಂಕ್ಸ್. ಲೋವರ್ ಆರ್ಮ್ ಮುಟ್ಟಿರಲಿಲ್ಲ. ಮೂರನೇ ಸಲ ತಿರುಗಿಸುವಾಗಲೇ ಗೆರೆ ಮುರಿಯಿತು. ಸ್ಟ್ರಟ್ ಇಳಿಸಿ ನೋಡಿದರೆ ಸ್ಪ್ರಿಂಗ್ ತುದಿ ಮೆಟ್ಟಿಲಿನಿಂದ ಎರಡು ಬೆರಳು ದೂರ ಇತ್ತು. ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಮರಳು ಅರೆದ ಹಾಗೆ ಕರಕರ. ಹೊಸ ಬೇರಿಂಗ್ ಹಾಕಿ, ತುದಿ ಮೆಟ್ಟಿಲಿಗೆ ತಾಗಿಸಿ ಕೂರಿಸಿದೆ. ಲಿಂಕ್ ರಾಡ್ ನಟ್ ಅಲೆನ್ ಕೀಲಿ ಹಾಕಿ ಹಿಡಿದರೆ ಇನ್ನೂ ಒಂದೂವರೆ ಸುತ್ತು ಬಿಗಿಯಾಯಿತು! ‘ಟಣ್’ ಪೂರ್ತಿ ಹೋಯಿತು, ‘ಕಟಕ್’ ಕೂಡ ಇಲ್ಲ. ಶಾಕಪ್ ಹಳೆಯದೇ ಇದೆ.

ಉತ್ತರ:
ಕೇಳಿ ಖುಷಿಯಾಯಿತು. ಬಲಗಡೆ ಬೇರಿಂಗ್ ಕೂಡ ಅಷ್ಟೇ ವಯಸ್ಸಿನದು, ಅದನ್ನೂ ಬದಲಿಸಿಬಿಡಿ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ಸ್ಟ್ರಟ್ ಬಿಚ್ಚಿ ಹಾಕಿದ ಮೇಲೆ ಚಕ್ರದ ಕೋನ ಸ್ವಲ್ಪ ಬದಲಾಗಿರುತ್ತೆ, ಹಾಗೇ ಬಿಟ್ಟರೆ ಟೈರ್ ಒಂದೇ ಕಡೆ ಸವೆಯುತ್ತೆ.