"64 ಜಿಬಿ ಹಿಡಿಯುತ್ತದೆ" ಅಂದರೆ ನಿಮಗೆ ಏನು ಅರ್ಥವಾಗುತ್ತದೆ?

ಗೆಳೆಯರೆ,

ಒಂದು ಪದದ ತಕರಾರು ತಂದಿದ್ದೇನೆ. ಹೊಸ ಪದವೇನಲ್ಲ, ದಿನಾ ಬಳಸುವ "ಹಿಡಿ".

ದಾವಣಗೆರೆಯಲ್ಲಿ ಸಂಜೆ ಹೊತ್ತು ಒಂದಷ್ಟು ಹುಡುಗರಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಪ್ರೋಗ್ರಾಮುಗಳನ್ನು ಒಂದಕ್ಕೊಂದು ತಾಗದ ಹಾಗೆ ಬೇರೆ ಬೇರೆಯಾಗಿ ನಡೆಸುವ ಡಾಕರ್ ಡೆಸ್ಕ್‌ಟಾಪ್‌ನಲ್ಲಿ ಡಿಸ್ಕ್ ಜಾಗ ಸಾಲದಿದ್ದರೆ ಏನು ಮಾಡಬೇಕು ಅಂತ ಕನ್ನಡದಲ್ಲೇ ಎರಡು ಪುಟ ಬರೆದು ಕೊಟ್ಟಿದ್ದೆ. ಅದರಲ್ಲಿ ಮ್ಯಾಕ್ ಇರುವವರಿಗೆ ಒಂದು ಸಾಲು: "ಡಾಕರ್ ಡಾಟ್ ರಾ ಅನ್ನುವ ಫೈಲ್ 64 ಜಿಬಿ ಹಿಡಿಯುತ್ತದೆ, ಸಾಲದಿದ್ದರೆ ಸೆಟ್ಟಿಂಗ್ಸ್‌ನ ರಿಸೋರ್ಸಸ್‌ಗೆ ಹೋಗಿ ಮಿತಿ ಏರಿಸಿ." ಮಾರನೆ ದಿನ ಒಬ್ಬ ಹುಡುಗ ಸಪ್ಪೆ ಮುಖ ಮಾಡಿಕೊಂಡು ಬಂದ. ಅವನ ಮ್ಯಾಕ್‌ನಲ್ಲಿ ಖಾಲಿ ಇದ್ದದ್ದೇ 50 ಜಿಬಿ. ಹಿಡಿಯುತ್ತದೆ ಅಂದರೆ ಅಷ್ಟೂ ಜಾಗ ನುಂಗುತ್ತದೆ ಅಂದುಕೊಂಡು ಇನ್‌ಸ್ಟಾಲ್ ಮಾಡುವುದನ್ನೇ ಬಿಟ್ಟಿದ್ದ. ನಾನು ಹೇಳಿದ್ದು ಬೇರೆ: ಅದರೊಳಗೆ ಹೆಚ್ಚೆಂದರೆ 64 ತುಂಬಬಹುದು ಅಂತ.

ಅವನದ್ದೇನು ತಪ್ಪು ಹೇಳಿ? "ಈ ಡಬ್ಬ ಐದು ಸೇರು ಹಿಡಿಯುತ್ತೆ" ಅಂದರೆ ಒಳಗೆ ತುಂಬುವ ಅಳತೆ. "ಈ ಬೀರು ಅರ್ಧ ರೂಮು ಹಿಡಿಯುತ್ತೆ" ಅಂದರೆ ಹೊರಗೆ ತಿನ್ನುವ ಜಾಗ. ಇನ್ನು "ಕುಪ್ಪಸಕ್ಕೆ ಒಂದು ಮೀಟರ್ ಬಟ್ಟೆ ಹಿಡಿಯುತ್ತೆ", "ದುರ್ಗಕ್ಕೆ ಹೋಗೋಕೆ ಒಂದು ತಾಸು ಹಿಡಿಯುತ್ತೆ" ಅಂದರೆ ಬೇಕಾಗುವುದು, ತಗಲುವುದು. ತಮಿಳಿನ "ಪಿಡಿ"ಯೂ ಇದೇ ಜಾತಿ, ಅಲ್ಲಂತೂ ಇಷ್ಟವಾಗುವುದಕ್ಕೂ ಅದೇ ಮಾತು. ಡಬ್ಬ, ಬೀರುವಿನ ಮಾತಲ್ಲಿ ಯಾರಿಗೂ ಗೊಂದಲ ಆಗುವುದಿಲ್ಲ, ಯಾಕೆಂದರೆ ವಸ್ತು ಕಣ್ಣ ಮುಂದೆ ಇರುತ್ತದೆ. ಡಾಕರ್ ಡಾಟ್ ರಾ ಹಾಗೆ, ಡಾಕರ್ ತನ್ನದೆಲ್ಲ ತುಂಬಿಡುವ ಡಿಸ್ಕ್ ಅನ್ನುವುದೇ ಒಂದು ಫೈಲ್ ಆದಾಗ ಅದು ಡಬ್ಬವೂ ಹೌದು, ಬೀರುವೂ ಹೌದು!

ಆ ಫೈಲಿಗೆ ನಿಜವಾಗಿಯೂ ಎರಡು ಲೆಕ್ಕ ಇದೆ. ಮ್ಯಾಕ್‌ನ ಟರ್ಮಿನಲ್‌ನಲ್ಲಿ ಫೈಲುಗಳ ಪಟ್ಟಿ ತೆಗೆದರೆ, ಮಿತಿ 64 ಜಿಬಿ ಇದ್ದಲ್ಲಿ, 64 ಜಿಬಿ ಅಂತಲೇ ತೋರಿಸುತ್ತದೆ. ಡಿಸ್ಕ್ ಯೂಸೇಜ್, ಅಂದರೆ ನಿಜವಾಗಿ ಬಳಸಿರುವ ಜಾಗ, ಕೇಳಿದರೆ ಏಳೋ ಎಂಟೋ ಜಿಬಿ ಅನ್ನಬಹುದು. ನಮ್ಮೂರ ಮಂಡಕ್ಕಿ ಚೀಲದ ಹಾಗೆ, ನೋಡೋಕೆ ಆಳೆತ್ತರ, ಎತ್ತಿದರೆ ಒಂದೇ ಕೈಗೆ ಬರುತ್ತದೆ. ಎರಡು ಲೆಕ್ಕ ಇದ್ದ ಮೇಲೆ ಎರಡು ಮಾತು ಬೇಕಲ್ವಾ?

ನನಗೆ ತೋಚಿದ್ದು ಹೀಗೆ. ಒಳಗಿನ ಅಳತೆಗೆ "ಹಿಡಿಸುತ್ತದೆ", ಹೊರಗಿನದಕ್ಕೆ "ತಿನ್ನುತ್ತದೆ". "ಈ ಡಿಸ್ಕಿನಲ್ಲಿ 64 ಜಿಬಿ ಹಿಡಿಸುತ್ತದೆ, ಸದ್ಯಕ್ಕೆ 8 ಜಿಬಿ ತಿಂದಿದೆ." ಜಗಳೂರು ಕಡೆಯ ನಮ್ಮಜ್ಜಿ ಹಗೇವಿನ (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಬಗ್ಗೆ ಹೇಳುವಾಗ "ಅದ್ರಾಗ ಇಪ್ಪತ್ ಚೀಲ ಜ್ವಾಳ ಹಿಡಿಸ್ತೈತಿ" ಅನ್ನುತ್ತಿದ್ದಳು. ಅಲ್ಲಿಂದಲೇ ಎತ್ತಿಕೊಂಡೆ. ಆದರೆ ಬೆಂಗಳೂರು ಕಡೆಯ ಗೆಳೆಯನೊಬ್ಬ, "ಹಿಡಿಸಿತು ಅಂದರೆ ಇಷ್ಟವಾಯಿತು ಅಂತ ಅಲ್ವಾ, ಡಿಸ್ಕಿಗೆ ಏನು ಇಷ್ಟ?" ಅಂತ ನಕ್ಕ. "ತಿನ್ನು" ಅವನಿಗೆ ಅದಕ್ಕಿಂತ ಕಷ್ಟ, ತಿಂದದ್ದು ವಾಪಸ್ ಬರುವುದಿಲ್ಲವಲ್ಲ ಅಂದ. ವಿಂಡೋಸ್ ಮಟ್ಟಿಗೆ ಅದು ಸರಿಯಾಗೇ ಇದೆ ಅಂದೆ! ಅಲ್ಲಿ ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೆ ಲಿನಕ್ಸ್ ನಡೆಸುವ ಸೌಲಭ್ಯ) ಜೊತೆ ಬರುವ ವಿಎಚ್‌ಡಿಎಕ್ಸ್ ಅನ್ನುವ ಡಿಸ್ಕ್ ಫೈಲ್ ತುಂಬಿದ ಹಾಗೆ ಹಿಗ್ಗುತ್ತದೆ, ಒಳಗಿನ ಇಮೇಜುಗಳನ್ನೆಲ್ಲ (ಡಾಕರ್ ನಡೆಸುವ ಪ್ರೋಗ್ರಾಮಿನ ಕಟ್ಟುಗಳು) ಅಳಿಸಿದರೂ ಡಾಕರ್‌ನ ಹಳೆಯ ಆವೃತ್ತಿಗಳಲ್ಲಿ ತಾನಾಗಿ ಕುಗ್ಗುತ್ತಿರಲಿಲ್ಲ. ಡಬ್ಲ್ಯುಎಸ್‌ಎಲ್ ನಿಲ್ಲಿಸಿ, ಡಿಸ್ಕ್‌ಪಾರ್ಟ್‌ ಅನ್ನುವ ವಿಂಡೋಸ್ ಸಾಧನದಲ್ಲಿ ಕಾಂಪ್ಯಾಕ್ಟ್ ಮಾಡಿದರೆ ಕಕ್ಕುತ್ತಿತ್ತು.

ಇನ್ನೊಂದು ಸಣ್ಣ ತಕರಾರು "ಹೆಚ್ಚಿಸು" ಮೇಲೆ. "ಡಿಸ್ಕ್ ಜಾಗ ಹೆಚ್ಚಿಸಿ" ಅಂತ ನಾನೇ ತಲೆಬರಹ ಕೊಟ್ಟಿದ್ದೆ. ಆದರೆ ಅಲ್ಲಿ ಹೆಚ್ಚುವುದು ಮಿತಿ, ಕಂಪ್ಯೂಟರಿನ ಜಾಗ ಒಂದು ಚೂರೂ ಹೆಚ್ಚುವುದಿಲ್ಲ. ಈಗ "ಮಿತಿ ಏರಿಸಿ" ಅಂತ ತಿದ್ದಿದ್ದೇನೆ. ಹಾಗೆ ತಿದ್ದಿದ ಮೇಲೆ ಇನ್ನೊಂದು ಭಯ ಶುರುವಾಯಿತು. ಏರಿಸುವುದು ಅಂದ ಕೂಡಲೇ ಇಳಿಸುವುದೂ ಅಷ್ಟೇ ಸಲೀಸು ಅನಿಸುತ್ತದೆ. ಮ್ಯಾಕ್‌ನಲ್ಲಿ ಆ ಮಿತಿಯನ್ನು ಇಳಿಸಿದರೆ ಹಳೆಯ ಡಿಸ್ಕ್ ಫೈಲೇ ಅಳಿಸಿಹೋಗುತ್ತದೆ, ಅದರ ಜೊತೆ ಕಂಟೇನರ್ (ಇಮೇಜಿನಿಂದ ಎದ್ದು ನಡೆಯುವ ಪ್ರೋಗ್ರಾಮು), ಇಮೇಜ್ ಎಲ್ಲಾ. ಅದಕ್ಕೆ "ಇಳಿಸು" ಬೇಡ, "ಕೆಡವಿ ಚಿಕ್ಕದಾಗಿ ಕಟ್ಟು" ಅಂತಲೇ ಬರೆಯಬೇಕು ಅನಿಸುತ್ತದೆ. ಉದ್ದ ಆಯಿತು, ಆದರೂ ಹುಡುಗರು ಮಿತಿಯ ಸ್ಲೈಡರನ್ನು ಸುಮ್ನೆ ಎಳೆದು ನೋಡುವುದಂತೂ ತಪ್ಪುತ್ತದೆ.

ಇಂಥ ಫೈಲ್ ರೂಪದ ಡಿಸ್ಕಿಗೆ, ಅಂದರೆ ವರ್ಚುವಲ್ ಡಿಸ್ಕ್‌ಗೆ ಕನ್ನಡ ಏನು ಅಂತ ನಾನು ಕೇಳುತ್ತಿಲ್ಲ. ಶಾಲೆಯ ವಿಜ್ಞಾನದ "ಮಿಥ್ಯ ಪ್ರತಿಬಿಂಬ" ನೋಡಿ ಮಿಥ್ಯ ಡಿಸ್ಕ್ ಅನ್ನಬಹುದೇನೋ, ನನ್ನ ಹುಡುಗರು ಅನ್ನುವುದಿಲ್ಲ.

ನನಗೆ ಬೇಕಾದ್ದು ಇಷ್ಟು: ನಿಮ್ಮ ಕಡೆ ಪಾತ್ರೆಯೊಳಗಿನ ಅಳತೆಗೆ "ಹಿಡಿಸುತ್ತೆ" ಅನ್ನುತ್ತಾರಾ, ಇಲ್ಲ ಅದು ದಾವಣಗೆರೆಯಿಂದ ಮೇಲಕ್ಕೆ ಮಾತ್ರ ಇರುವ ಮಾತಾ? ಮೈಸೂರು, ಮಂಗಳೂರು ಕಡೆಯವರು ಮನೆಯಲ್ಲಿ ಹಿರಿಯರನ್ನು ಕೇಳಿ ತಿಳಿಸಿ. ಮುಂದಿನ ವಾರ ಆ ಎರಡು ಪುಟವನ್ನು ಮತ್ತೆ ಜೆರಾಕ್ಸ್ ಮಾಡಿಸಬೇಕು.