ಬಂಡೆಗಳ ನಡುವಿನ ಗೇಣಗಲದ ದಾರಿಗೆ ನಿಮ್ಮ ಕಡೆ ಏನಂತಾರೆ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಹೋದ ತಿಂಗಳು ಅಮೆರಿಕದ ಯೂಟಾ ರಾಜ್ಯದ ಎಸ್ಕಲಾಂಟೆ ಊರಿನ ಹತ್ತಿರ ಒಂದಿಡೀ ದಿನ ನಡೆದು ಬಂದೆವು. ಅದನ್ನು ಬಾದಾಮಿ ಹತ್ತಿರದ ಹಳ್ಳಿಯಲ್ಲಿರುವ ಅವ್ವನಿಗೆ ಬರೆದು ಕಳಿಸೋಣ ಅಂತ ಕೂತೆ. ಮೊದಲ ಸಾಲಿಗೇ ತಡೆದು ನಿಂತೆ. ಅಲ್ಲಿಯವರು ‘ಸ್ಲಾಟ್ ಕ್ಯಾನ್ಯನ್’ ಅನ್ನುವುದಕ್ಕೆ ಕನ್ನಡದಲ್ಲಿ ಏನು ಬರೆಯಲಿ?

ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಅದು ಮರಳುಗಲ್ಲಿನ ನಾಡು. ಮಳೆ ಕಡಿಮೆ. ಬಂದಾಗ ಮಾತ್ರ ಮಣ್ಣು, ಮರಳು, ಕಲ್ಲು ಎಲ್ಲ ಹೊತ್ತು ನೀರು ನುಗ್ಗುತ್ತದೆ. ಆ ಮರಳೇ ಬಂಡೆಯನ್ನು ಉಜ್ಜಿ ಉಜ್ಜಿ ಸೀಳುತ್ತದೆ. ಸೀಳು ಅಗಲ ಆಗುವುದಿಲ್ಲ, ಆಳ ಆಗುತ್ತಾ ಹೋಗುತ್ತದೆ. ಒಳಗೆ ನಿಂತರೆ ಎರಡೂ ಕಡೆ ಅಲೆ ಅಲೆಯಾದ ಗೋಡೆ, ತಲೆಯ ಮೇಲೆ ದಾರದಷ್ಟು ಆಕಾಶ. (ಮರಳುಗಾಡು ಅಂತ ಬರೆಯಲೂ ಮನಸ್ಸು ಬರಲಿಲ್ಲ. ಅಲ್ಲಿ ಕಾಣುವುದು ಜಾಸ್ತಿ ಬಂಡೆ. ಬೆಂಗಾಡು ಅಂದರೆ ಸರಿಹೋಗುತ್ತದೆ.)

ಬೆಳಿಗ್ಗೆ ಮೊದಲು ಹೋಗಿದ್ದು ಝೀಬ್ರಾ ಅನ್ನುವ ಕಡೆಗೆ. ಕೆಂಪು-ಬಿಳಿ ಪಟ್ಟೆಯ ಗೋಡೆಗಳಿಗೆ ಅದು ಹೆಸರುವಾಸಿ. ಒಳಗೆ ಸೊಂಟದವರೆಗೆ ತಣ್ಣೀರು ನಿಂತಿತ್ತು. ಬಾಯಿಂದಲೇ ಇಣುಕಿ ವಾಪಸ್ ಬಂದೆವು. ಬೇಜಾರಾಯಿತು. ಆಮೇಲೆ ಹೋಲ್-ಇನ್-ದ-ರಾಕ್ ಅನ್ನುವ ಮಣ್ಣಿನ ರಸ್ತೆಯಲ್ಲೇ ಇನ್ನೂ ಮುಂದೆ ಹೋದೆವು. ಹೆದ್ದಾರಿಯಿಂದ ಸುಮಾರು 42 ಕಿಲೋಮೀಟರ್ ಒಳಗೆ, ಡ್ರೈ ಫೋರ್ಕ್ ಹತ್ತಿರ, ಪೀಕಬೂ ಮತ್ತು ಸ್ಪೂಕಿ ಅಂತ ಎರಡಿವೆ. ಪೀಕಬೂಗೆ ಎರಡಾಳೆತ್ತರದ ಬಂಡೆ ಹತ್ತಿಯೇ ಒಳಗೆ ಹೋಗಬೇಕು. ಕಾಲಿಡಲು ಗುಳಿ ಕೊರೆದಿದ್ದಾರೆ. ಒಳಗೆ ಕಲ್ಲಿನ ಕಮಾನುಗಳು, ಬೆಳಕಿನ ಆಟ. ಬೆಳಗಿನ ಬೇಜಾರೆಲ್ಲ ಅಲ್ಲೇ ಹೋಯಿತು. ಸ್ಪೂಕಿಯಲ್ಲಿ ಮಾತ್ರ ಸೋತೆವು. ಕೆಲವು ಕಡೆ ಅದರ ಅಗಲ 10 ಇಂಚು, ಅಂದರೆ ಒಂದು ಗೇಣಿಗಿಂತ ತುಸು ಜಾಸ್ತಿ. ಚೀಲ ಕೈಯಲ್ಲಿ ಹಿಡಿದು, ಅಡ್ಡಡ್ಡ ಸರಿಯುತ್ತಾ ನಾನು ಸ್ವಲ್ಪ ದೂರ ಹೋದೆ. ನಮ್ಮ ಯಜಮಾನರಿಗೆ ಆಗಲಿಲ್ಲ. ದೂರದಲ್ಲಿ ಮೋಡವೂ ಕಟ್ಟಿತ್ತು. ಹಿಂದಕ್ಕೆ ಬಂದೆವು.

ಈಗ ಪದಕ್ಕೆ ಬರುತ್ತೇನೆ. ‘ಕಣಿವೆ’ ಅಂದರೆ ನನಗೆ ಅಗಲವಾದ ಜಾಗ, ಅದರಲ್ಲಿ ಹೊಲ, ಊರು ಕಾಣುತ್ತದೆ. ‘ಕಮರಿ’ ಮೇಲಿನಿಂದ ನೋಡುವವರ ಮಾತು. ಬಸ್ಸು ಕಮರಿಗೆ ಉರುಳಿತು ಅಂತೀವಲ್ಲ, ಹಾಗೆ. ಅದರೊಳಗೆ ಯಾರೂ ನಡೆದು ಹೋಗುವುದಿಲ್ಲ. ‘ಕಂದರ’ ಪುಸ್ತಕದಲ್ಲಿ ಸರಿ, ಅವ್ವನಿಗೆ ಬೇಡ. ‘ಕೊರಕಲು’ ನನಗೆ ತುಂಬಾ ಇಷ್ಟ. ನೀರು ಕೊರೆದದ್ದು ಅನ್ನುವ ಅರ್ಥ ಪದದಲ್ಲೇ ಇದೆ. ಆದರೆ ಅವ್ವನಿಗೆ ಕೊರಕಲು ಅಂದರೆ ಮಳೆಗೆ ಕೊಚ್ಚಿಹೋದ ಹೊಲದ ಮಣ್ಣು.

ನಮ್ಮ ಕಡೆ ‘ಕೊಳ್ಳ’ ಇದೆ. ಐಹೊಳೆ ಹತ್ತಿರ ಸಿದ್ಧನಕೊಳ್ಳ, ಪಟ್ಟದಕಲ್ಲಿನ ಕಡೆ ಹುಲಿಗೆಮ್ಮನಕೊಳ್ಳ. ಅಲ್ಲಿಯೂ ಮರಳುಗಲ್ಲೇ. ಆದರೆ ಕೊಳ್ಳದಲ್ಲಿ ಗುಡಿ ಕಟ್ಟುವಷ್ಟು ಜಾಗ ಇರುತ್ತದೆ. ‘ಕಿಂಡಿ’ ಅಂದರೆ ಮೈ ಹಿಡಿ ಮಾಡಿ ನುಸುಳುವುದು ತಕ್ಷಣ ಕಣ್ಣಿಗೆ ಬರುತ್ತದೆ. ಚಿತ್ರದುರ್ಗದ ಓಬವ್ವನ ಕಿಂಡಿ ಯಾರಿಗೆ ಗೊತ್ತಿಲ್ಲ? ಆದರೆ ಕಿಂಡಿಗೆ ಉದ್ದ ಇಲ್ಲ. ನುಸುಳಿದರೆ ಆಚೆ ಬಂದೆವು, ಮುಗಿಯಿತು. ಇಲ್ಲಿ ಅರ್ಧ ಗಂಟೆ ನುಸುಳುತ್ತಲೇ ಇರಬೇಕು.

ಬಾದಾಮಿಯಲ್ಲಿ ಮೇಲಿನ ಶಿವಾಲಯಕ್ಕೆ ಹತ್ತುವಾಗ ಎರಡು ಕೆಂಪು ಬಂಡೆಗಳ ನಡುವೆ ಮೆಟ್ಟಿಲು ಹೋಗುತ್ತವಲ್ಲ, ಅದಕ್ಕೆ ಹೆಚ್ಚುಕಡಿಮೆ ಅದೇ ರೂಪ. ಚಿಕ್ಕಂದಿನಿಂದ ಅಲ್ಲಿ ಓಡಾಡಿದ್ದೇನೆ. ಅದಕ್ಕೊಂದು ಹೆಸರು ಇದೆಯಾ ಅಂತ ಯಾವತ್ತೂ ಕೇಳಲಿಲ್ಲ.

ಇನ್ನೊಂದು ಪದ ತಾನಾಗಿಯೇ ಸಿಕ್ಕಿತು. ಎಲ್ಲೋ ಮಳೆಯಾಗಿ ಅಲ್ಲಿಗೆ ಇದ್ದಕ್ಕಿದ್ದಂತೆ ನೀರು ನುಗ್ಗುತ್ತದೆ, ಅದಕ್ಕೇ ಮೋಡ ಕಂಡು ಹೊರಬಂದೆವು ಅಂತ ಫೋನಿನಲ್ಲಿ ಹೇಳುತ್ತಿದ್ದೆ. ಪತ್ರಿಕೆಯವರು ‘ದಿಢೀರ್ ಪ್ರವಾಹ’ ಅಂತ ಬರೆಯುತ್ತಾರೆ. ಅವ್ವ ಅಂದಳು, “ಮ್ಯಾಲ ಮಳಿ ಆಗಿ ಹಳ್ಳ ಬರತೈತಿ ಅನ್ನು. ಒಣಾ ಹಳ್ಳದಾಗ ಯಾಕ ಹೊಕ್ಕಿದ್ರಿ?” ಹಳ್ಳ ಇರುವುದು ಅಲ್ಲೇ, ಆದರೂ ಅದು ‘ಬರುತ್ತದೆ’. ಇದಕ್ಕಿಂತ ಚೆನ್ನಾಗಿ ಹೇಗೆ ಹೇಳುವುದು?

ಸದ್ಯಕ್ಕೆ ನಾನು ‘ಸಂದುಗೊಳ್ಳ’ ಅಂತ ಕಟ್ಟಿಕೊಂಡು ಬರೆದಿದ್ದೇನೆ. ಕಟ್ಟಿದ ಪದ ಬೇಡ, ಆಡುವ ಪದವೇ ಬೇಕು. ಗಜೇಂದ್ರಗಡ, ಗೋಕಾಕ, ಯಾದಗಿರಿ, ಚಿತ್ರದುರ್ಗದ ಕಡೆಯವರು ಇದ್ದರೆ ಹೇಳಿ. ಕುರಿ ಕಾಯುವವರು ಇಂಥ ಸಂದಿಗೆ ಏನನ್ನುತ್ತಾರೆ? ಮನೆಯ ಹಿರಿಯರನ್ನೂ ಒಮ್ಮೆ ಕೇಳಿ ನೋಡಿ.